ಯಾವ ಹೆಸರು ಮೊದಲು? ಬ್ರಿಟನ್ನಿನಲ್ಲಿ ಕ್ರಿಮಿನಾಲಜಿ, ಸೈಕಾಲಜಿ ಓದಲು ಹೊರಡುವವರಿಗೆ

ಬ್ರಿಟನ್ನಿನ ಯಾವುದಾದರೂ ವಿಶ್ವವಿದ್ಯಾಲಯದ ಕೋರ್ಸ್ ಪಟ್ಟಿ ತೆರೆದರೆ ಒಂದೇ ತರಹ ಕಾಣುವ ಮೂರು ಪದವಿಗಳು ಸಿಗಬಹುದು: ಕ್ರಿಮಿನಾಲಜಿ (ಅಪರಾಧಶಾಸ್ತ್ರ) ವಿತ್ ಸೈಕಾಲಜಿ (ಮನಶ್ಶಾಸ್ತ್ರ), ಸೈಕಾಲಜಿ ವಿತ್ ಕ್ರಿಮಿನಾಲಜಿ, ಕ್ರಿಮಿನಾಲಜಿ ಆಂಡ್ ಸೈಕಾಲಜಿ. ಮಾಟುಂಗಾದಲ್ಲಿ, ಡೊಂಬಿವಲಿಯಲ್ಲಿ, ಪುಣೆಯಲ್ಲಿ, ಮಡಗಾಂವಿನಲ್ಲಿ ಕುಳಿತು ಅರ್ಜಿ ತುಂಬುವ ನಮ್ಮ ಕನ್ನಡದ ಮಕ್ಕಳು ಇವನ್ನು ಒಂದೇ ಎಂದುಕೊಳ್ಳುತ್ತಾರೆ. ಶುಲ್ಕ ಎಲ್ಲಿ ಕಡಿಮೆ, ಸೀಟು ಎಲ್ಲಿ ಬೇಗ ಸಿಗುತ್ತದೆ ಎಂದು ನೋಡಿ ಆರಿಸುತ್ತಾರೆ. ಮೂರು ವರ್ಷ ಕಳೆದ ಮೇಲೆ ಎಲ್ಲಕ್ಕಿಂತ ದುಬಾರಿಯಾಗುವ ತಪ್ಪು ಇದೇ. ಹೆಸರಿನಲ್ಲಿ ಯಾವ ವಿಷಯ ಮೊದಲು ಬರುತ್ತದೆ, ನಡುವೆ 'ವಿತ್' ಇದೆಯೋ 'ಆಂಡ್' ಇದೆಯೋ ಎಂಬುದರ ಮೇಲೆ ಮುಂದಿನ ದಾರಿ ನಿಂತಿರುತ್ತದೆ.

'ವಿತ್' ಇದ್ದರೆ ಮೊದಲ ವಿಷಯ ಮುಖ್ಯ, ಎರಡನೆಯದು ಪೂರಕ. 'ಆಂಡ್' ಇದ್ದರೆ ಸಾಮಾನ್ಯವಾಗಿ ಅರ್ಧ ಅರ್ಧ. ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞರ ವೃತ್ತಿಯ ಮೊದಲ ಮೆಟ್ಟಿಲು ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿಯ, ಅಂದರೆ ಬಿಪಿಎಸ್‌ನ, ಮಾನ್ಯತೆ ಇರುವ ಪದವಿ. ಅಂಥ ಪದವಿಯನ್ನು ಕನಿಷ್ಠ ಸೆಕೆಂಡ್ ಕ್ಲಾಸಿನ ಕೆಳಹಂತದಲ್ಲಾದರೂ ಪಾಸು ಮಾಡಿದರೆ ಜಿಬಿಸಿ ಎಂಬ ಅರ್ಹತೆ ಸಿಗುತ್ತದೆ. ಪೂರ್ಣ ಹೆಸರು ಗ್ರ್ಯಾಜುಯೇಟ್ ಬೇಸಿಸ್ ಫಾರ್ ಚಾರ್ಟರ್ಡ್ ಮೆಂಬರ್‌ಶಿಪ್. ಸೈಕಾಲಜಿ ಮುಖ್ಯವಾಗಿರುವ ಪದವಿಗೆ ಈ ಮಾನ್ಯತೆ ಬಹುಮಟ್ಟಿಗೆ ಇರುತ್ತದೆ. ಕ್ರಿಮಿನಾಲಜಿ ಮುಖ್ಯವಾಗಿ ಸೈಕಾಲಜಿ ಬದಿಗಿದ್ದರೆ ಬಹುಮಟ್ಟಿಗೆ ಇರುವುದಿಲ್ಲ. ಅರ್ಧ ಅರ್ಧ ಇರುವ ಕಡೆ ಒಂದೊಂದನ್ನೂ ಬಿಡಿಯಾಗಿ ನೋಡಬೇಕು. ಕೆಲವು ಕಡೆ ಕೊನೆಯ ವರ್ಷದ ಸಂಶೋಧನಾ ಪ್ರಬಂಧವನ್ನು ಸೈಕಾಲಜಿಯಲ್ಲೇ ಮಾಡಿದರೆ ಮಾತ್ರ ಮಾನ್ಯತೆ ಎಂಬ ಷರತ್ತು ಕೋರ್ಸ್ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಬಿಪಿಎಸ್ ಜಾಲತಾಣದಲ್ಲಿ ಮಾನ್ಯತೆ ಪಡೆದ ಕೋರ್ಸುಗಳ ಹುಡುಕುಪಟ್ಟಿ ಇದೆ. ಅಲ್ಲಿ ನಿಮ್ಮ ಪದವಿಯ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಏಜೆಂಟರ ಬಾಯಿಮಾತನ್ನು ಇದಕ್ಕೆ ಆಧಾರ ಮಾಡಿಕೊಳ್ಳಬೇಡಿ. ಅವರಲ್ಲಿ ಹೆಚ್ಚಿನವರಿಗೆ ಕಮಿಷನ್ ಬರುವುದು ವಿಶ್ವವಿದ್ಯಾಲಯದಿಂದ. ಒಪ್ಪಂದ ಇಲ್ಲದ ಕಡೆಯ ಹೆಸರನ್ನು ಅವರು ತಾವಾಗಿ ಹೇಳುವುದು ಕಷ್ಟ.

ಕೊನೆಯಲ್ಲಿ ಏನಾಗಬೇಕು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಿ. 'ಫೊರೆನ್ಸಿಕ್ ಸೈಕಾಲಜಿಸ್ಟ್', ಅಂದರೆ ಅಪರಾಧ, ನ್ಯಾಯಾಲಯ, ಜೈಲಿನ ಕ್ಷೇತ್ರದ ಮನಶ್ಶಾಸ್ತ್ರಜ್ಞ, ಎಂಬುದು ಬ್ರಿಟನ್ನಿನಲ್ಲಿ ಕಾನೂನಿನ ರಕ್ಷಣೆ ಇರುವ ಪದನಾಮ. ಹೆಲ್ತ್ ಆಂಡ್ ಕೇರ್ ಪ್ರೊಫೆಷನ್ಸ್ ಕೌನ್ಸಿಲ್‌ನ ದಾಖಲೆಯಲ್ಲಿ ಹೆಸರಿಲ್ಲದವರು ಅದನ್ನು ಹಾಕಿಕೊಳ್ಳುವಂತಿಲ್ಲ. ಅಲ್ಲಿಗೆ ಹೋಗುವ ದಾರಿ ಹೀಗಿದೆ: ಮಾನ್ಯತೆ ಇರುವ ಮೂರು ವರ್ಷದ ಪದವಿ, ಆಮೇಲೆ ಮಾನ್ಯತೆ ಇರುವ ಒಂದು ವರ್ಷದ ಫೊರೆನ್ಸಿಕ್ ಸೈಕಾಲಜಿ ಎಂಎಸ್‌ಸಿ, ಆಮೇಲೆ ಹಿರಿಯರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಎರಡು ವರ್ಷದ ಕೆಲಸ. ಇಲ್ಲವೇ ಡಾಕ್ಟರೇಟ್. ಏನೂ ತಡವಾಗದಿದ್ದರೂ ಆರು ವರ್ಷ. ಕ್ರಿಮಿನಾಲಜಿ ಮುಖ್ಯವಾದ ಪದವಿ ಮಾಡಿ ಕೊನೆಗೆ ಮನಸ್ಸು ಬದಲಾಯಿಸಿದವರು ನಡುವೆ, ಬೇರೆ ಪದವಿಯವರಿಗೆ ಸೈಕಾಲಜಿಯ ಮಾನ್ಯತೆ ಕೊಡಿಸುವ ಇನ್ನೊಂದು ಕನ್ವರ್ಷನ್ ಎಂಎಸ್‌ಸಿ ಸೇರಿಸಿಕೊಳ್ಳಬೇಕು: ಒಂದು ವರ್ಷದ ಶುಲ್ಕ, ಒಂದು ವರ್ಷದ ಬಾಡಿಗೆ, ಇನ್ನೊಂದು ವೀಸಾ. ಮುಂಬಯಿಯಲ್ಲೋ ಪುಣೆಯಲ್ಲೋ ಸೈಕಾಲಜಿ ಬಿಎ ಮುಗಿಸಿ ಹೊರಡುವವರ ಪದವಿಯನ್ನು ಬಿಪಿಎಸ್ ಒಂದೊಂದಾಗಿ ಪರಿಶೀಲಿಸುತ್ತದೆ. ಸಂಶೋಧನಾ ವಿಧಾನವೋ ಜೈವಿಕ ಸೈಕಾಲಜಿಯೋ ಕಡಿಮೆ ಬಿದ್ದರೆ ಅವರಿಗೂ ಕನ್ವರ್ಷನ್ನೇ ಗತಿ.

ಹಾಗೆಂದು ಕ್ರಿಮಿನಾಲಜಿಯನ್ನು ಮುಖ್ಯವಾಗಿ ಓದುವುದು ಕೆಳದರ್ಜೆಯ ಆಯ್ಕೆಯಲ್ಲ. ನೀತಿ ಸಂಶೋಧನೆ, ಜೈಲು ಸುಧಾರಣೆ, ಸಂತ್ರಸ್ತರ ನೆರವು, ಬ್ಯಾಂಕುಗಳ ವಂಚನೆ ತಡೆ ವಿಭಾಗ, ಪತ್ರಿಕೋದ್ಯಮ ಇವಕ್ಕೆಲ್ಲ ಅದೇ ಚೆನ್ನ. ಗೊತ್ತಿದ್ದು ಆರಿಸಬೇಕು ಅಷ್ಟೆ.

ಎರಡು ವಿಷಯ, ಎರಡು ಕಣ್ಣು

ಒಂದೇ ಅಪರಾಧವನ್ನು ಈ ಎರಡು ವಿಭಾಗಗಳು ಎಷ್ಟು ಬೇರೆಯಾಗಿ ನೋಡುತ್ತವೆ ಎಂಬುದು ಮೊದಲ ವರ್ಷದಲ್ಲೇ ವಿದ್ಯಾರ್ಥಿಗಳನ್ನು ಗೊಂದಲಕ್ಕೆ ಹಾಕುತ್ತದೆ.

ಮನಶ್ಶಾಸ್ತ್ರದ ಕಡೆಯಿಂದ ಒಂದು ಪ್ರಯೋಗ ನೋಡೋಣ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 45 ವಿದ್ಯಾರ್ಥಿಗಳಿಗೆ ವಾಹನ ಅಪಘಾತದ ಏಳು ಚಿತ್ರತುಣುಕು ತೋರಿಸಿದರು. ಆಮೇಲೆ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಬದಲಾದದ್ದು ಒಂದು ಕ್ರಿಯಾಪದ ಮಾತ್ರ. ಕಾರುಗಳು ಒಂದಕ್ಕೊಂದು 'ಅಪ್ಪಳಿಸಿದಾಗ' ಎಂಬ ಅರ್ಥದ ಪದ ಕೇಳಿದವರು ಸರಾಸರಿ ಗಂಟೆಗೆ 40.8 ಮೈಲಿ ಎಂದರು. 'ತಾಗಿದಾಗ' ಎಂಬಂಥ ಪದ ಕೇಳಿದವರು 31.8. ಮುಂದಿನ ಪ್ರಯೋಗದಲ್ಲಿ 150 ಜನ. ವಾರದ ಬಳಿಕ ಅವರನ್ನು ಕರೆದು, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. 'ಅಪ್ಪಳಿಸಿದ' ಗುಂಪಿನ 50 ಜನರಲ್ಲಿ 16 ಮಂದಿ ಕಂಡೆವು ಎಂದರು. 'ಹೊಡೆದ' ಎಂಬ ಪದ ಕೇಳಿದ ಗುಂಪಿನ 50ರಲ್ಲಿ 7 ಮಂದಿ.

ಇದನ್ನು ನಮ್ಮೂರಿಗೆ ತಂದು ನೋಡಿ. ಮುಂಬಯಿಯ ಹೋಟೆಲಿನಲ್ಲಿ ಕೆಲಸ ಮಾಡುವ ಉಡುಪಿ ಕಡೆಯ ಹುಡುಗ ಬೀದಿಯ ಜಗಳವೊಂದನ್ನು ಕಂಡಿದ್ದಾನೆ. ಮನಸ್ಸಿನಲ್ಲಿ ಅದು ತುಳುವಿನಲ್ಲೋ ಕನ್ನಡದಲ್ಲೋ ಇದೆ. ಹೇಳುವುದು ಹರಕು ಹಿಂದಿಯಲ್ಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 180ನೆಯ ಸೆಕ್ಷನ್ ಪ್ರಕಾರ ಪೊಲೀಸರು ಬರೆದುಕೊಳ್ಳುವ ಹೇಳಿಕೆ ಮರಾಠಿಯಲ್ಲಿ. 'ದೂಡಿದ' ಎಂದದ್ದು 'ಹೊಡೆದ' ಆಗಲು ಎಷ್ಟು ಹೊತ್ತು? ಅನುವಾದದಲ್ಲಿ ಬದಲಾದ ಪದ ಮತ್ತೆ ಪ್ರಶ್ನೆಯಾಗಿ ಅವನ ಕಿವಿಗೇ ಬಿದ್ದರೆ ಅವನ ನೆನಪೇ ಬದಲಾಗಬಹುದು. ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಈ ಪ್ರಶ್ನೆ ಹುಟ್ಟಿನಿಂದಲೇ ಪರಿಚಿತ. ಪ್ರವೇಶದ ಅರ್ಜಿಯಲ್ಲಿ ಬರೆಯಲು ಇದಕ್ಕಿಂತ ಒಳ್ಳೆಯ ವಿಷಯ ಬೇಕಿಲ್ಲ.

ಅಪರಾಧಶಾಸ್ತ್ರ ಕೇಳುವುದು ಬೇರೆಯದನ್ನೇ: ಇದನ್ನು ಅಪರಾಧ ಎಂದು ಕರೆದವರು ಯಾರು, ಯಾರನ್ನು ಅಪರಾಧಿ ಎಂದು ಗುರುತು ಹಾಕಲಾಯಿತು, ಆಮೇಲೆ ಏನಾಯಿತು? ಉದಾಹರಣೆಗೆ ದೂರ ಹೋಗಬೇಕಿಲ್ಲ. ಪುಣೆಯ ಯಾವುದೇ ಕಾಲೇಜಿನ ಪ್ರವೇಶ ಅರ್ಜಿಯಲ್ಲಿ 'ವಿಮುಕ್ತ ಜಾತಿ' ಎಂಬ ಕಾಲಂ ಇರುತ್ತದೆ. ಯಾವುದರಿಂದ ವಿಮುಕ್ತ? 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಿಂದ. ಆ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಗೆ ಸೇರಿಸಿತು. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಸೊಲ್ಲಾಪುರದಲ್ಲೂ ಅವರನ್ನು ಬೇಲಿಯೊಳಗಿನ ಸೆಟ್ಲ್‌ಮೆಂಟಿನಲ್ಲಿ ಇಟ್ಟರು. 1952ರಲ್ಲಿ ಕಾಯ್ದೆ ಹೋಯಿತು, ಹಣೆಪಟ್ಟಿ ಪೂರ್ತಿ ಹೋಗಲಿಲ್ಲ. ಸಮಾಜ ಹಚ್ಚುವ ಹೆಸರೇ ಒಬ್ಬನನ್ನು ಅಪರಾಧಿಯಾಗಿಸುತ್ತದೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಹೊವಾರ್ಡ್ ಬೆಕರ್ 1963ರಲ್ಲಿ ಮುಂದಿಟ್ಟ ಹಣೆಪಟ್ಟಿ ಸಿದ್ಧಾಂತವನ್ನು ಬ್ರಿಟನ್ನಿನ ಉಪನ್ಯಾಸಕರು ಅಮೆರಿಕದ ಉದಾಹರಣೆಯಿಂದ ಕಲಿಸುತ್ತಾರೆ. ಸೊಲ್ಲಾಪುರದ ಉದಾಹರಣೆ ಗೊತ್ತಿರುವವರು ಪ್ರಬಂಧದಲ್ಲಿ ಅದನ್ನು ಬಳಸಿದರೆ ಅಂಕ ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ.

ಸಂಖ್ಯೆಗಳನ್ನೂ ಅಪರಾಧಶಾಸ್ತ್ರ ಅನುಮಾನದಿಂದ ನೋಡುತ್ತದೆ. ನಮ್ಮ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಅತಿ ಗಂಭೀರವಾದ ಒಂದನ್ನೇ ಎಣಿಸುತ್ತದೆ. ಅತ್ಯಾಚಾರ ಮಾಡಿ ಕೊಂದ ಪ್ರಕರಣ ಕೊಲೆಯ ಲೆಕ್ಕಕ್ಕೆ ಹೋಗುತ್ತದೆ. ಇಂಗ್ಲೆಂಡಿನಲ್ಲಿ ಪೊಲೀಸ್ ದಾಖಲೆಯ ಜೊತೆಗೆ, ಮನೆಮನೆಗೆ ಹೋಗಿ 'ನಿಮಗೆ ಏನಾಯಿತು' ಎಂದು ಜನರನ್ನೇ ಕೇಳುವ ಸಮೀಕ್ಷೆ 1982ರಿಂದ ಇದೆ. ಠಾಣೆ ಮೆಟ್ಟಿಲು ಹತ್ತದ ಅಪರಾಧ ಎಷ್ಟು ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಇವೆರಡು ಕೂಡುವ ಜಾಗ ವಿಚಾರಣೆಯ ಕೊಠಡಿ. ಬಲವಂತದ ತಪ್ಪೊಪ್ಪಿಗೆಗಳಿಂದ ನಿರಪರಾಧಿಗಳು ವರ್ಷಗಟ್ಟಲೆ ಜೈಲಿನಲ್ಲಿದ್ದದ್ದು ಬಯಲಾದ ಮೇಲೆ, 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಪೊಲೀಸರು 'ಪೀಸ್' ಎಂಬ ವಿಚಾರಣಾ ಕ್ರಮಕ್ಕೆ ಬಂದರು. ತಯಾರಿ, ಪರಿಚಯ, ಹೇಳಿಕೆ, ಮುಕ್ತಾಯ, ಮೌಲ್ಯಮಾಪನ ಎಂಬ ಐದು ಹಂತ. ಗುರಿ ಒಪ್ಪಿಸುವುದಲ್ಲ, ಮಾಹಿತಿ ಪಡೆಯುವುದು. ನಮ್ಮಲ್ಲಿ ಇದಕ್ಕೆ ಎದುರು ಚಿತ್ರವಾಗಿ 2008ರ ಪುಣೆಯ ಪ್ರಕರಣವಿದೆ. ಅಲ್ಲಿನ ಸೆಷನ್ಸ್ ನ್ಯಾಯಾಲಯ ಮೆದುಳಿನ ವಿದ್ಯುತ್ ತರಂಗದ ಪರೀಕ್ಷೆಯನ್ನೂ ಆಧಾರವಾಗಿ ಹಿಡಿದು ಕೊಲೆ ಆರೋಪಿಗೆ ಶಿಕ್ಷೆ ವಿಧಿಸಿತು. ಜಗತ್ತಿನ ನರವಿಜ್ಞಾನಿಗಳು ಹುಬ್ಬೇರಿಸಿದರು. 2010ರಲ್ಲಿ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವ್ಯಕ್ತಿಯ ಒಪ್ಪಿಗೆಯಿಲ್ಲದೆ ನಾರ್ಕೋ, ಪಾಲಿಗ್ರಾಫ್, ಮೆದುಳು ಪರೀಕ್ಷೆ ಮಾಡುವಂತಿಲ್ಲ ಎಂದಿತು.

ಓದಿನ ರೀತಿ ಬೇರೆ ಎಂಬುದಕ್ಕೂ ತಯಾರಿರಬೇಕು. ವರ್ಷಕ್ಕೆ 120 ಕ್ರೆಡಿಟ್, ಕ್ರೆಡಿಟ್ಟಿಗೆ ಹತ್ತು ಗಂಟೆ. ಅಂದರೆ 1,200 ಗಂಟೆ ದುಡಿಮೆ. ಅದರಲ್ಲಿ ತರಗತಿಯಲ್ಲಿ ಕೂರುವುದು ಸಣ್ಣ ಪಾಲು, ಉಳಿದದ್ದು ಸ್ವಂತ ಓದು. ಸೈಕಾಲಜಿ ಎಂದರೆ ಮನಸ್ಸಿನ ಮಾತುಕತೆ ಎಂದುಕೊಂಡು ಹೋದವರು ಅಂಕಿಅಂಶಶಾಸ್ತ್ರ ಕಂಡು ಕಂಗಾಲಾಗುತ್ತಾರೆ. ಹಲವು ಕಡೆ ಹತ್ತನೆಯ ತರಗತಿಯ ಗಣಿತದ ಅಂಕವನ್ನು ಕೇಳುವುದು ಇದಕ್ಕೇ. ಪ್ರಬಂಧದಲ್ಲಿ ಆಧಾರಗಳನ್ನು ನಮೂದಿಸಲು ಸೈಕಾಲಜಿ ವಿಭಾಗಕ್ಕೆ ಎಪಿಎ ಶೈಲಿಯ ಉಲ್ಲೇಖ ಬೇಕು, ಕ್ರಿಮಿನಾಲಜಿ ವಿಭಾಗ ಸಾಮಾನ್ಯವಾಗಿ ಹಾರ್ವರ್ಡ್ ಶೈಲಿ ಕೇಳುತ್ತದೆ. ಒಂದು ಕಡೆ 'ನಾನು' ಎಂದು ಬರೆದರೆ ಕೆಂಪು ಗೆರೆ, ಇನ್ನೊಂದು ಕಡೆ ನಿಮ್ಮ ನಿಲುವು ಎಲ್ಲಿ ಎಂದು ಕೇಳುತ್ತಾರೆ. ಅಂಕ 62 ಬಂದರೆ ಅಳಬೇಡಿ: 70ರ ಮೇಲೆ ಫಸ್ಟ್ ಕ್ಲಾಸ್, 60ರಿಂದ 69 ಸೆಕೆಂಡ್ ಕ್ಲಾಸಿನ ಮೇಲ್ಹಂತ, 50ರಿಂದ 59 ಕೆಳಹಂತ, 40ಕ್ಕೆ ಪಾಸು. ಎಚ್‌ಎಸ್‌ಸಿಯಲ್ಲಿ (ಹನ್ನೆರಡನೆಯ ತರಗತಿಯಲ್ಲಿ) 85 ತಂದ ಮಕ್ಕಳು ಮೊದಲ ಪ್ರಬಂಧದ 58 ನೋಡಿ ಮನೆಗೆ ಹೇಳದೆ ಕೊರಗುತ್ತಾರೆ. ಅಪ್ಪ ಅಮ್ಮನಿಗೂ ಈ ಲೆಕ್ಕ ಮೊದಲೇ ಗೊತ್ತಿರಲಿ.

ಇನ್ನೊಂದು ಕನಸು ಮೊದಲೇ ಕಳಚಿಡುವುದು ಒಳ್ಳೆಯದು. ಪದವಿಯ ಪ್ರಬಂಧಕ್ಕಾಗಿ ಜೈಲಿಗೆ ಹೋಗಿ ಕೈದಿಗಳ ಸಂದರ್ಶನ ಮಾಡುತ್ತೇನೆ ಎಂದು ಬಹಳ ಮಂದಿ ಹೊರಡುತ್ತಾರೆ. ಪದವಿ ಹಂತದವರಿಗೆ ಅಂಥ ಅನುಮತಿ ಸಾಮಾನ್ಯವಾಗಿ ಸಿಗುವುದಿಲ್ಲ. ಪ್ರಕಟವಾದ ದತ್ತಾಂಶ, ನ್ಯಾಯಾಲಯದ ತೀರ್ಪುಗಳು, ಪ್ರಶ್ನಾವಳಿ ಇವುಗಳಲ್ಲೇ ಕೆಲಸ ನಡೆಯಬೇಕು.

ಕಾಗದಪತ್ರ: ಹೆಸರು ಮತ್ತು ಹಣ

ಪದವಿಗೆ ಅರ್ಜಿ ಬ್ರಿಟನ್ನಿನ ಎಲ್ಲ ಕಡೆಗೂ ಒಂದೇ ಆದ ಯುಕಾಸ್ ಎಂಬ ಪ್ರವೇಶ ವ್ಯವಸ್ಥೆಯ ಮೂಲಕ, ಗರಿಷ್ಠ ಐದು ಆಯ್ಕೆ. ಮುಖ್ಯ ಗಡುವು ಜನವರಿ ಮಧ್ಯಕ್ಕೆ. 2026ರ ಪ್ರವೇಶದಿಂದ ಸ್ವಪರಿಚಯದ ಬರಹ ಮೂರು ಪ್ರಶ್ನೆಗಳಾಗಿದೆ: ಈ ಕೋರ್ಸ್ ಏಕೆ, ಇದುವರೆಗಿನ ಓದು ಹೇಗೆ ಸಿದ್ಧಮಾಡಿದೆ, ಓದಿನ ಹೊರಗೆ ಏನು ಮಾಡಿದ್ದೀರಿ. ಒಟ್ಟು 4,000 ಅಕ್ಷರ, ಒಂದೊಂದಕ್ಕೆ ಕನಿಷ್ಠ 350. ಕೊಲೆಗಾರರ ಸರಣಿ ನೋಡಿ ಆಸಕ್ತಿ ಹುಟ್ಟಿತು ಎಂದು ಬರೆಯಬೇಡಿ; ಓದುವವರಿಗೆ ಅದು ದಿನಕ್ಕೆ ಹತ್ತು ಸಲ ಸಿಗುತ್ತದೆ. ಮಹಾರಾಷ್ಟ್ರ, ಗೋವಾ ಬೋರ್ಡುಗಳಿಗೂ ಕೇಂದ್ರೀಯ ಬೋರ್ಡುಗಳಿಗೂ ಹಲವು ವಿಶ್ವವಿದ್ಯಾಲಯಗಳು ಬೇರೆ ಬೇರೆ ಶೇಕಡಾ ಕೇಳುತ್ತವೆ. ಅದನ್ನು ಭಾರತದ ವಿದ್ಯಾರ್ಥಿಗಳ ಪುಟದಲ್ಲಿ ನೋಡಿಕೊಳ್ಳಬೇಕು.

ನಮ್ಮವರ ಕೈಕಟ್ಟುವುದು ಹೆಸರು. ಮಹಾರಾಷ್ಟ್ರದ ಅಂಕಪಟ್ಟಿ ಅಡ್ಡಹೆಸರನ್ನು ಮೊದಲು, ತಂದೆಯ ಹೆಸರನ್ನು ಕೊನೆಗೆ ಹಾಕುತ್ತದೆ. ತಾಯಿಯ ಹೆಸರು ಬೇರೆ ಸಾಲಿನಲ್ಲಿ. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಇಲ್ಲದಿರಬಹುದು. ಊರಿನಲ್ಲಿ ಮಾಡಿಸಿದ ದಾಖಲೆಯಲ್ಲಿ ಬರೀ ಇನಿಷಿಯಲ್. ತುಳುನಾಡಿನ ಕುಟುಂಬಗಳಲ್ಲಿ ತಂದೆ ಮಗಳ ಅಡ್ಡಹೆಸರು ಬೇರೆಯಾಗಿರುವುದೂ ಉಂಟು. ನಮಗೆ ಸಹಜವಾದದ್ದು ವೀಸಾ ಅಧಿಕಾರಿಗೆ ಮೂರು ಬೇರೆ ವ್ಯಕ್ತಿಗಳಂತೆ ಕಾಣುತ್ತದೆ. ತಂದೆಯ ಖಾತೆಯ ಹಣ ತೋರಿಸಬೇಕಾದರೆ ಜನನ ಪ್ರಮಾಣಪತ್ರ ಬೇಕು. ಹಳೆಯ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗವೇ ಖಾಲಿ ಇರುವುದುಂಟು. ಹೆಸರು ಸೇರಿಸುವ ಕೆಲಸ ಮಹಾನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಹನ್ನೊಂದನೆಯ ತರಗತಿಯಲ್ಲಿರುವಾಗಲೇ ಪಾಸ್‌ಪೋರ್ಟ್, ಅಂಕಪಟ್ಟಿ, ಜನನ ಪ್ರಮಾಣಪತ್ರ, ಆಧಾರ್ ನಾಲ್ಕನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ.

ಹಣದ ಲೆಕ್ಕ ನೇರ, ನಿಯಮ ಕಟ್ಟುನಿಟ್ಟು. ಮೊದಲ ವರ್ಷದ ಬಾಕಿ ಶುಲ್ಕದ ಜೊತೆ ಒಂಬತ್ತು ತಿಂಗಳ ಜೀವನವೆಚ್ಚ ತೋರಿಸಬೇಕು. 2025ರ ನವೆಂಬರ್ 11ರಿಂದ ಅದು ಲಂಡನ್ನಿನಲ್ಲಿ ತಿಂಗಳಿಗೆ 1,529 ಪೌಂಡ್, ಹೊರಗೆ 1,171. ಒಂಬತ್ತರಿಂದ ಗುಣಿಸಿದರೆ 13,761 ಮತ್ತು 10,539. ಈ ಮೊತ್ತ ಸತತ 28 ದಿನ ಖಾತೆಯಲ್ಲಿರಬೇಕು. ಆ 28ನೆಯ ದಿನ ಅರ್ಜಿಗಿಂತ 31 ದಿನಕ್ಕೂ ಹಳೆಯದಾಗಿರಬಾರದು. ಹದಿನೇಳನೆಯ ದಿನ ಮನೆಯ ಇಎಂಐ ಕಡಿತವಾಗಿ ಖಾತೆಯ ಹಣ ಈ ಮೊತ್ತಕ್ಕಿಂತ ಐನೂರು ರೂಪಾಯಿ ಕೆಳಗಿಳಿದರೂ ಎಣಿಕೆ ಮೊದಲಿನಿಂದ ಶುರು. ರೂಪಾಯಿ ಪೌಂಡಿನ ದರವೂ ಏರಿಳಿಯುವುದರಿಂದ ಶೇಕಡಾ ಐದಾರು ಹೆಚ್ಚಿಡುವುದು ಜಾಣತನ.

ಯಾವ ಹಣ ನಡೆಯುತ್ತದೆ? ಸಾಮಾನ್ಯವಾಗಿ ವಿದ್ಯಾರ್ಥಿಯದು ಅಥವಾ ತಂದೆ ತಾಯಿಯದು; ತಂದೆ ತಾಯಿಯದಾದರೆ ಒಪ್ಪಿಗೆಪತ್ರ ಜೊತೆಗಿರಬೇಕು. ಚಿಕ್ಕಪ್ಪ, ಸೋದರಮಾವನ ಖಾತೆ ನಡೆಯುವುದಿಲ್ಲ. ಅವರು ಕೊಡುವುದಾದರೆ 28 ದಿನಕ್ಕೆ ಮುಂಚೆ ಅಪ್ಪನ ಖಾತೆಗೆ ಬರಬೇಕು. ಶೇರು, ಮ್ಯೂಚುವಲ್ ಫಂಡ್, ಪಿಎಫ್, ಚಿನ್ನ, ಚೀಟಿ ಯಾವುದೂ ಲೆಕ್ಕಕ್ಕಿಲ್ಲ. ಬೇಕಾದಾಗ ಮುರಿಸಬಹುದಾದ ಎಫ್‌ಡಿ ಆಗುತ್ತದೆ. ನಮ್ಮವರ ಉಳಿತಾಯ ಬಹಳಷ್ಟು ಪತಸಂಸ್ಥೆಗಳಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘಗಳಲ್ಲಿ ಇರುತ್ತದೆ. ಅವು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿರುವ ಬ್ಯಾಂಕುಗಳಲ್ಲ, ಅಲ್ಲಿನ ಠೇವಣಿ ನಂಬಿ ಅರ್ಜಿ ಹಾಕಬೇಡಿ. ಹೋಟೆಲಿನ ಹೆಸರಿನ ಕರೆಂಟ್ ಖಾತೆಯೂ ಬೇಡ. ಸ್ವಂತ ಹೆಸರಿನ ಖಾತೆಗೆ ಮೊದಲೇ ವರ್ಗಾಯಿಸಿ.

ಇದರ ಮೇಲೆ ಆರೋಗ್ಯ ಶುಲ್ಕ ವರ್ಷಕ್ಕೆ 776 ಪೌಂಡ್, ಅರ್ಜಿ ಹಾಕುವಾಗಲೇ ಪೂರ್ತಿ ಅವಧಿಗೆ ಕಟ್ಟಬೇಕು. ವೀಸಾ ಅವಧಿ ಕೋರ್ಸಿಗಿಂತ ಕೆಲವು ತಿಂಗಳು ಉದ್ದ ಇರುವುದರಿಂದ ಒಂದು ವರ್ಷದ ಎಂಎಸ್‌ಸಿಗೂ ಒಂದೂವರೆ ವರ್ಷದ್ದು, 1,164 ಪೌಂಡ್ ಬೀಳುತ್ತದೆ. ಕ್ಷಯರೋಗ ಇಲ್ಲವೆಂಬ ಎಕ್ಸ್‌ರೇ ಪ್ರಮಾಣಪತ್ರ ಬ್ರಿಟನ್ ಒಪ್ಪಿದ ಕೇಂದ್ರದ್ದೇ ಆಗಿರಬೇಕು, ಆರು ತಿಂಗಳು ನಡೆಯುತ್ತದೆ. ವೀಸಾ ಅರ್ಜಿ ಕೋರ್ಸಿಗೆ ಆರು ತಿಂಗಳು ಮುಂಚಿನಿಂದ ಹಾಕಬಹುದು. ಬೆರಳಚ್ಚು ಕೊಡಲು ಮುಂಬಯಿ, ಪುಣೆ, ಪಣಜಿಯಲ್ಲಿ ಕೇಂದ್ರಗಳಿವೆ. ಶಿಕ್ಷಣ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವಿನಾಯಿತಿ ಎಂಟು ವರ್ಷದವರೆಗೆ ಇದೆ.

ಈ ವಿಷಯಕ್ಕೇ ವಿಶೇಷವಾದ ಇನ್ನೊಂದು ಕಾಗದ ಪೊಲೀಸ್ ಕ್ಲಿಯರೆನ್ಸ್. ಮಕ್ಕಳ ಜೊತೆ, ಸಂತ್ರಸ್ತರ ಜೊತೆ ಕೆಲಸ ಮಾಡುವ ಪ್ಲೇಸ್‌ಮೆಂಟಿಗೆ ಅಲ್ಲಿ ಡಿಬಿಎಸ್ ಎಂಬ ಅಪರಾಧ ದಾಖಲೆಯ ತಪಾಸಣೆ ನಡೆಯುತ್ತದೆ. ಅದಕ್ಕೆ ಭಾರತದ ದಾಖಲೆ ಕಾಣುವುದಿಲ್ಲ, ಹಾಗಾಗಿ ಇಲ್ಲಿಂದ ಪ್ರಮಾಣಪತ್ರ ಕೇಳುತ್ತಾರೆ. ಪಾಸ್‌ಪೋರ್ಟ್ ಸೇವಾ ಮೂಲಕ ಪಡೆಯಬೇಕು. ಪಾಸ್‌ಪೋರ್ಟಿನ ವಿಳಾಸ ಕುಂದಾಪುರದ್ದು, ವಾಸ ಮುಂಬಯಿ ಪಕ್ಕದ ಠಾಣೆ ನಗರದಲ್ಲಿ ಎಂದಾದರೆ ಪರಿಶೀಲನೆ ಎಳೆಯುತ್ತದೆ. ಹೊರಡುವ ಮೊದಲೇ ವಿಳಾಸ ಸರಿಮಾಡಿಸಿ.

ಮುಗಿದ ಮೇಲೆ

ಓದುವಾಗ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಗ್ರ್ಯಾಜುಯೇಟ್ ವೀಸಾ ಎರಡು ವರ್ಷ ಇದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಪಿಎಚ್‌ಡಿ ಬಿಟ್ಟು, ಹದಿನೆಂಟೇ ತಿಂಗಳು. ಮೇಲ್ವಿಚಾರಣೆಯ ಎರಡು ವರ್ಷದ ತರಬೇತಿ ಇದರೊಳಗೆ ಹಿಡಿಸುವುದಿಲ್ಲ ಎಂಬುದನ್ನು ಗಮನಿಸಿ. ಮಾಲೀಕರು ಸ್ಕಿಲ್ಡ್ ವರ್ಕರ್ ವೀಸಾ ಕೊಡಿಸಬೇಕು, ಅದರ ಸಾಮಾನ್ಯ ಸಂಬಳದ ಮಿತಿ 2025ರ ಜುಲೈಯಿಂದ ವರ್ಷಕ್ಕೆ 41,700 ಪೌಂಡ್. ಪೊಲೀಸ್ ಅಧಿಕಾರಿಯಾಗಲು ವಾಸದ ಮೇಲೆ ಯಾವ ಗಡುವೂ ಇರಬಾರದು. ವಿದ್ಯಾರ್ಥಿ ವೀಸಾದಿಂದ ನೇರ ಅಲ್ಲಿಗೆ ದಾರಿಯಿಲ್ಲ.

ಮರಳುವವರಿಗೂ ಒಂದು ಬೇಲಿ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಕ್ಲಿನಿಕಲ್ ಸೈಕಾಲಜಿಸ್ಟ್ ಎನ್ನುವುದು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿದ ವಿದ್ಯಾರ್ಹತೆ ಇರುವವರನ್ನು. ಬ್ರಿಟನ್ನಿನ ಫೊರೆನ್ಸಿಕ್ ಎಂಎಸ್‌ಸಿ ತಂದರೆ ಆ ಪಟ್ಟ ತಾನಾಗಿ ಬರುವುದಿಲ್ಲ. ಸರ್ಕಾರಿ ಹುದ್ದೆಗೆ ಪದವಿಯ ಸಮಾನತೆಯ ಪ್ರಮಾಣಪತ್ರವೂ ಬೇಕಾಗುತ್ತದೆ. ಅಲ್ಲಿ ಕಲಿತ ಕಾನೂನೂ ಇಂಗ್ಲೆಂಡಿನದು. ಇಲ್ಲಿ 2024ರ ಜುಲೈ 1ರಿಂದ ಹೊಸ ಸಂಹಿತೆಗಳು ಬಂದಿವೆ, ಅವನ್ನು ಬೇರೆಯಾಗಿ ಓದಿಕೊಳ್ಳಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳ ಸ್ಥಳಕ್ಕೆ ಫೊರೆನ್ಸಿಕ್ ತಜ್ಞರು ಹೋಗಬೇಕು ಎಂಬ ಹೊಸ ನಿಯಮದಿಂದ ಮುಂಬಯಿ ಕಲಿನಾದ ರಾಜ್ಯ ಫೊರೆನ್ಸಿಕ್ ಪ್ರಯೋಗಾಲಯದಂಥ ಕಡೆ ಕೈಗಳು ಬೇಕಾಗಿವೆ. ಆದರೆ ಹುದ್ದೆಯ ಪ್ರಕಟಣೆಯಲ್ಲಿ ಯಾವ ಪದವಿ ಕೇಳಿದ್ದಾರೆ ಎಂಬುದನ್ನು ಹಳೆಯ ಎರಡು ಮೂರು ಜಾಹೀರಾತು ತೆಗೆದು ಈಗಲೇ ಓದಿ.

ಇಷ್ಟೆಲ್ಲ ಖರ್ಚು ಆಗದು ಎನ್ನುವವರಿಗೆ ಹತ್ತಿರದಲ್ಲೇ ಒಳ್ಳೆಯ ಕಡೆಗಳಿವೆ. ಮುಂಬಯಿ ದೇವನಾರದ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅಪರಾಧಶಾಸ್ತ್ರ ಮತ್ತು ನ್ಯಾಯದ ಓದಿಗೆ ದೇಶದಲ್ಲೇ ಹೆಸರಾದದ್ದು. ಅದರ 'ಪ್ರಯಾಸ್' ಯೋಜನೆ 1990ರಿಂದ ಮುಂಬಯಿಯ ಜೈಲುಗಳಲ್ಲಿ ವಿಚಾರಣಾಧೀನ ಕೈದಿಗಳ ಜೊತೆ ಕೆಲಸ ಮಾಡುತ್ತಿದೆ. ರಾಷ್ಟ್ರೀಯ ಫೊರೆನ್ಸಿಕ್ ವಿಜ್ಞಾನ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಗೋವಾದಲ್ಲಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ಫೊರೆನ್ಸಿಕ್ ವಿಜ್ಞಾನದ ವಿಭಾಗವೇ ಇದೆ. ಇಲ್ಲಿ ಪದವಿ ಮುಗಿಸಿ ಎರಡು ವರ್ಷ ದುಡಿದವರು, ಅಂದರೆ 2,800 ಗಂಟೆ ಕೆಲಸದ ಅನುಭವ ಇರುವವರು, ಎಂಎಸ್‌ಸಿಗೆ ಬ್ರಿಟಿಷ್ ಸರ್ಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ಪದವಿಗೇ ಹೋಗುವ ಹದಿನೆಂಟರ ಮಕ್ಕಳಿಗೆ ಆ ಬಾಗಿಲಿಲ್ಲ.